ಎರಡನೆಯ ಸ್ಥಾನದ ಗಾಯಕರು

ಟೆಲಿವಿಷನ್ನಿನ ಗಾನಸ್ಪರ್ಧೆಯಲ್ಲಿ ಎರಡನೆಯವನಾಗಿ ನಿಂತವನಿಗೆ ನಮ್ಮ ಜನರು ಎರಡು ಬಗೆಯ ಮಾತನ್ನಾಡುವುದು ರೂಢಿಯಾಗಿದೆ. ಮೋಸವಾಯಿತು, ಮತ ಸಾಲದೆ ಹೋಯಿತು ಎಂದು ಕೆಲವರು ಮರುಗುವರು. ಮುಖವು ಜನರ ನೆನಪಿನಲ್ಲಿರುವಾಗಲೇ ನಾಲ್ಕು ಕಾಸು ಮಾಡಿಕೊ ಎಂದು ಉಳಿದವರು ಅವಸರಪಡಿಸುವರು. ಇವೆರಡೂ ಹಿತವಚನಗಳಲ್ಲವೆಂದೂ, ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಹಾನಿಕರವೆಂದೂ ನನ್ನ ಅಭಿಪ್ರಾಯ. ಈ ಎರಡನೆಯ ಉಪದೇಶವನ್ನು ನಮ್ಮ ಸಂಘಗಳೂ ಉತ್ಸವ ಮಂಡಳಿಗಳೂ ಕೈಯಾರೆ ಪೋಷಿಸುತ್ತಿರುವುದರಿಂದ ನನ್ನ ಮಾತು ತುಸು ಖಾರವಾದರೆ ವಾಚಕರು ಕ್ಷಮಿಸಬೇಕು.

ಮರುಗುವವರಿಗೆ ಉತ್ತರ ಸುಲಭ. ಮೈಸೂರಿನ ವಿಜಯ ಪ್ರಕಾಶರು 1999ರಲ್ಲಿ ಹಿಂದಿಯ ‘ಸಾ ರೆ ಗ ಮ’ ಸ್ಪರ್ಧೆಯಲ್ಲಿ ಅಂತಿಮ ಹಂತದವರೆಗೆ ಹೋಗಿ ಬಿರುದಿಲ್ಲದೆ ಹಿಂದಿರುಗಿದವರು. ಆಮೇಲೆ ಅವರು ಮುಂಬಯಿಯಲ್ಲಿ ಜಾಹೀರಾತುಗಳ ಸಣ್ಣ ಸಣ್ಣ ಹಾಡುಗಳನ್ನು ಹಾಡುತ್ತ ಕಾಲ ಕಳೆದರು. 2004ರ ‘ಸ್ವದೇಸ್’ ಚಿತ್ರದಲ್ಲಿ ಅವರ ಕಂಠ ಕೇಳಿಬಂದಿತು, 2008ರ ‘ಗಾಳಿಪಟ’ದಿಂದ ಕನ್ನಡಿಗರ ಮನೆಮಾತಾದರು, 2009ರಲ್ಲಿ ಆಸ್ಕರ್ ಪಡೆದ ‘ಜೈ ಹೋ’ ಗೀತೆಯನ್ನು ಹಾಡಿದವರಲ್ಲಿ ಅವರೂ ಒಬ್ಬರು. ಅರಿಜಿತ್ ಸಿಂಗರದು ಇನ್ನೂ ಸ್ಪಷ್ಟವಾದ ಉದಾಹರಣೆ. 2005ರ ‘ಫೇಮ್ ಗುರುಕುಲ’ದಲ್ಲಿ ಅವರಿಗೆ ಎರಡನೆಯ ಸ್ಥಾನವೂ ಸಿಕ್ಕಲಿಲ್ಲ. ಸಂಗೀತ ನಿರ್ದೇಶಕರ ಕೈಕೆಳಗೆ ಧ್ವನಿಮುದ್ರಣದ ಕೆಲಸ ಮಾಡುತ್ತ ಎಂಟು ವರ್ಷ ಸವೆಸಿದ ಬಳಿಕ, 2013ರ ‘ಆಶಿಕಿ 2’ರಲ್ಲಿ ದೇಶವೆಲ್ಲ ಅವರನ್ನು ಗುರುತಿಸಿತು. ಸೋಲೇ ಇವರನ್ನು ಮೇಲೆತ್ತಿತೆಂದು ಭಾಷಣಕಾರರು ಹೇಳುವುದುಂಟು. ಅದು ಬರಿಯ ಅಲಂಕಾರ. ಸೋತವರು ಸಾವಿರಾರು ಮಂದಿ. ಸೋತ ಮೇಲೆ ಐದೆಂಟು ವರ್ಷ ಹೆಸರಿಲ್ಲದೆ ದುಡಿಯಲೊಪ್ಪಿದವರು ವಿರಳ. ವ್ಯತ್ಯಾಸವಿರುವುದು ಅಲ್ಲಿ.

ಸ್ಪರ್ಧೆಯೆಂಬುದು ಇಂದಿನ ಸೃಷ್ಟಿಯಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸಿದ್ಧಿಯನ್ನು ಕುರಿತು ಒಂದು ಅಧ್ಯಾಯವನ್ನೇ ಬರೆದು, ಗೆದ್ದ ನಟನಿಗೆ ಪತಾಕೆಯನ್ನು ಕೊಡುವ ವಿಧಿಯನ್ನು ಹೇಳಿದ್ದಾನೆ. ಪ್ರಾಶ್ನಿಕರೆಂದರೆ ತೀರ್ಪುಗಾರರು ಯಾರಾಗಬೇಕೆಂದರೆ, ಯಜ್ಞವಿದ, ನರ್ತಕ, ಛಂದಸ್ಸು ಬಲ್ಲವನು, ಶಬ್ದಶಾಸ್ತ್ರಜ್ಞ, ಅಸ್ತ್ರವಿದ, ಚಿತ್ರಕಾರ, ವೇಶ್ಯೆ, ಗಾಂಧರ್ವ ಮುಂತಾದವರು. ಒಬ್ಬೊಬ್ಬನೂ ತಾನು ಬಲ್ಲುದನ್ನು ಮಾತ್ರ ಪರೀಕ್ಷಿಸತಕ್ಕದ್ದು. ಮೊಬೈಲ್ ಮತಗಳ ಎಣಿಕೆಯನ್ನು ಕಂಡಿದ್ದರೆ ಮುನಿಯು ಏನೆನ್ನುತ್ತಿದ್ದನೋ! ಆದರೆ ನಮಗೆ ಹೆಚ್ಚು ಉಪಯುಕ್ತವಾದುದು ಅವನು ಮಾಡಿದ ಇನ್ನೊಂದು ವಿಭಾಗ. ಸಿದ್ಧಿಯು ಮಾನುಷಿ, ದೈವಿಕೀ ಎಂದು ಎರಡು ವಿಧ. ನಗು, ಸಾಧುವಾದ, ರೋಮಾಂಚ, ಎದ್ದು ನಿಲ್ಲುವುದು, ಉಂಗುರವಸ್ತ್ರಗಳನ್ನು ಎಸೆಯುವುದು ಮಾನುಷಿ. ರಂಗವು ತುಂಬಿದ್ದು, ಸದ್ದಿಲ್ಲ, ಕ್ಷೋಭೆಯಿಲ್ಲ ಎಂಬಂತಿದ್ದರೆ ಅದು ದೈವಿಕೀ. ಟೆಲಿವಿಷನ್ನಿನ ವೇದಿಕೆ ಹುಡುಕುವುದು ಮೊದಲನೆಯದನ್ನು. ಮೂವತ್ತು ವರ್ಷ ಹಾಡಿ ಬಾಳಬೇಕೆಂಬವನಿಗೆ ಬೇಕಾದುದು ಎರಡನೆಯದು.

ಇನ್ನು ನಮ್ಮ ತಪ್ಪಿಗೆ ಬರುತ್ತೇನೆ. ರಾಮನಗುಳಿಯಲ್ಲಿ ಹೆದ್ದಾರಿಯ ಬದಿಯ ಗೋಡೆಗಳ ಮೇಲೆ ಜಾತ್ರೆಯ ಕಾಲದಲ್ಲಿ ಅಂಟಿಸುವ ಭಿತ್ತಿಪತ್ರಗಳನ್ನು ಓದಿರಿ: ‘ಟಿ.ವಿ. ಖ್ಯಾತಿಯ’ ಎಂಬ ವಿಶೇಷಣ ದೊಡ್ಡ ಅಕ್ಷರದಲ್ಲಿ, ಗಾಯಕನ ಹೆಸರು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ. ಆತ ಬಂದರೆ ನಾವು ಕೇಳುವುದೇನನ್ನು? ಸ್ಪರ್ಧೆಯಲ್ಲಿ ಹಾಡಿದ ಆ ಸಿನಿಮಾ ಹಾಡನ್ನೇ. ತನ್ನದೊಂದು ಹೊಸ ಹಾಡನ್ನು ಎತ್ತಿದನೋ, ಹಿಂದಿನ ಸಾಲಿನಿಂದ ಸಿಳ್ಳೆ ಏಳುತ್ತದೆ. ಮುಂದಿನ ಸಾಲಿನ ಗಣ್ಯರು ಗಡಿಯಾರ ನೋಡುತ್ತಾರೆ. ಮುಂದಿನ ವರ್ಷ ಹೊಸ ಸ್ಪರ್ಧೆಯ ಹೊಸ ಮುಖಕ್ಕೆ ಅದೇ ವಿಶೇಷಣ ಹತ್ತುತ್ತದೆ, ಹಳಬನಿಗೆ ಕರೆಯಿಲ್ಲ. ಓದನ್ನು ಬಿಟ್ಟು ಹೀಗೆ ಎರಡು ಋತು ತಿರುಗಿ, ಕೊನೆಗೆ ಓದೂ ಹಾಡೂ ಇಲ್ಲದೆ ಮನೆಗೆ ಬಂದ ಒಬ್ಬ ಶಿಷ್ಯನನ್ನು ನಾನು ಬಲ್ಲೆ. ಅವನ ಕಂಠಕ್ಕೆ ಏನೂ ಆಗಿರಲಿಲ್ಲ.

‘ಮಾಸ್ತರರಿಗೆ ಪೆನ್ಶನ್ ಬರುತ್ತದೆ, ಬಡವನ ಮನೆಯ ಹುಡುಗ ಬಂದ ದುಡ್ಡನ್ನು ಬಿಡಬೇಕೆ?’ ಎಂಬ ಆಕ್ಷೇಪ ಬರುವುದು ನಿಶ್ಚಯ. ಬಿಡಬೇಕಾಗಿಲ್ಲ. ಆದರೆ ಲೆಕ್ಕವನ್ನಾದರೂ ಸರಿಯಾಗಿ ಮಾಡಬೇಕಷ್ಟೆ. ಪರರ ಹಾಡನ್ನು ವೇದಿಕೆಯಲ್ಲಿ ಹಾಡಿದರೆ ಬರುವುದು ಆ ರಾತ್ರಿಯ ಸಂಭಾವನೆ ಮಾತ್ರ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯದ ಕಾಯಿದೆಯಂತೆ, ಮುದ್ರಿತವಾದ ಗಾಯನದ ವಾಣಿಜ್ಯ ಬಳಕೆಯಲ್ಲಿ ಗಾಯಕನಿಗೂ ಪಾಲುಂಟು; ಆ ಹಕ್ಕಿನ ಅವಧಿ 50 ವರ್ಷ. ಅದನ್ನು ವಸೂಲು ಮಾಡಲು ಗಾಯಕರು 2013ರಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡರು. ಸಾಹಿತ್ಯವನ್ನೋ ಧಾಟಿಯನ್ನೋ ತಾನೇ ರಚಿಸಿದವನ ಹಕ್ಕಾದರೋ ಅವನ ಆಯುಷ್ಯವೆಲ್ಲ ಇದ್ದು, ಮರಣಾನಂತರ 60 ವರ್ಷ ವಾರಸುದಾರರಿಗೆ ನಡೆಯುತ್ತದೆ. ಸ್ವಂತದ ಹತ್ತು ಹಾಡುಗಳುಳ್ಳವನಿಗೂ ಪರರ ನೂರು ಹಾಡು ಬಲ್ಲವನಿಗೂ ಇರುವ ಅಂತರವನ್ನು ಯಾವ ತಂದೆತಾಯಿ ಮಗನಿಗೆ ತಿಳಿಸುತ್ತಿದ್ದಾರೆ?

ಹಾವೇರಿ ಜಿಲ್ಲೆಯ ಕುರಿಗಾಹಿ ತರುಣ ಹನುಮಂತ ಲಮಾಣಿಯವರು 2019ರಲ್ಲಿ ಕನ್ನಡದ ‘ಸರಿಗಮಪ’ದಲ್ಲಿ ಎರಡನೆಯವರಾದರು. ತೀರ್ಪುಗಾರರ ಪೀಠದಲ್ಲಿ ಆಗ ಕುಳಿತಿದ್ದವರಲ್ಲಿ ವಿಜಯ ಪ್ರಕಾಶರೂ ಒಬ್ಬರೆಂಬುದು ಸ್ವಾರಸ್ಯವಾದ ಸಂಗತಿ. 2025ರ ಜನವರಿಯಲ್ಲಿ ಹನುಮಂತರು ‘ಬಿಗ್ ಬಾಸ್’ ಗೆದ್ದರು. ಅವರ ಸರಳತೆಗೆ ಜನರು ಮನಸೋತುದು ಸಹಜ, ನನಗೂ ಸಂತೋಷವೇ. ಆದರೆ ಆ ಗೆಲುವು ಹಾಡಿನದಲ್ಲ. ಅಂತಹ ಜಾನಪದ ಕಂಠಕ್ಕೆ ನಾಡು ಕೊಡಬೇಕಾದ ಕೆಲಸ ಬೇರೆಯೇ ಇದೆ.

ನಮ್ಮ ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಯಾವ ಸ್ಪರ್ಧೆಯಲ್ಲಿಯೂ ನಿಂತವರಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಕಂಠದಲ್ಲಿಟ್ಟುಕೊಂಡು ಬಾಳಿದ ಅವರನ್ನು 2017ರಲ್ಲಿ ಪದ್ಮಶ್ರೀ ಹುಡುಕಿಕೊಂಡು ಬಂದಿತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಹಾಡಿನ ಮುಂದೆ ಕುಳಿತು ಒಂದು ಗಂಟೆ ಸದ್ದಿಲ್ಲದೆ ಕೇಳಿದವರು ನಮ್ಮ ತಾಲ್ಲೂಕಿನ ಸುಶಿಕ್ಷಿತ ಮನೆಗಳಲ್ಲಿ ಎಷ್ಟು ಮಂದಿ?

ನಮ್ಮ ಸಂಘವು ಮುಂದಿನ ವಾರ್ಷಿಕೋತ್ಸವಕ್ಕೆ ಗಾಯಕನನ್ನು ಕರೆಯುವಾಗ ‘ಟಿ.ವಿ. ಖ್ಯಾತಿಯ’ ಎಂಬ ಮಾತನ್ನು ಆಮಂತ್ರಣದಿಂದ ತೆಗೆಯಲಿ. ಅರ್ಧ ಕಾರ್ಯಕ್ರಮವಾದರೂ ಆತನ ಸ್ವಂತದ ಹಾಡುಗಳಿಗೆ ಮೀಸಲೆಂದು ಪತ್ರದಲ್ಲಿಯೇ ಬರೆಯಲಿ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಈ ಸೂಚನೆಯನ್ನು ನಾನೇ ಮಂಡಿಸುವವನಿದ್ದೇನೆ. ಅನುಮೋದಿಸಲು ಒಬ್ಬರು ಬೇಕು.