ಮಾತು ನಿಲ್ಲುವ ಮುನ್ನ

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ನನ್ನ ತಾಯಿಯ ತವರೂರು. ಹುಳು ನಾಲ್ಕನೆಯ ಜ್ವರವನ್ನು ದಾಟಿ ಸೊಪ್ಪಿಗೆ ಬಾಯಿ ಹಾಕಿತೆಂದರೆ ನಡುಮನೆಯೂ ಅದರದೇ; ಮನೆಯವರು ಜಗುಲಿಯಲ್ಲಿ ಮಲಗಬೇಕು. ಅಂಥ ಒಂದು ಮನೆಯ ಜಗುಲಿಯ ಮೇಲೆ ಕುಳಿತು, ಈಚೆಗೆ ನನ್ನ ಸೋದರಮಾವನ ಹೆಂಡತಿ, ನಾನು ಅತ್ತೆ ಎನ್ನುವವರು, ಒಂದು ಕಾಗದ ಬರೆದುಕೊಡು ಎಂದು ಕೇಳಿದರು. ಅವರಿಗೆ ಎಪ್ಪತ್ತನಾಲ್ಕು ವರ್ಷ. ಜಮೀನಿನ ವಿಭಾಗಪತ್ರವೋ, ಮರಣಶಾಸನವೋ ಇರಬೇಕೆಂದು ನಾನು ಭಾವಿಸಿದೆ.

“ಆಸ್ತಿ ಮಾತಲ್ಲ ಕಣಪ್ಪ. ನನ್ನ ಗಂಟಲಿಗೆ ಆ ಕೊಳವೆ ಹಾಕಬಾರದು ಅಂತ ಬರಿ. ನಿಮ್ಮ ಮಾವನಿಗೆ ಹಾಕಿದ್ರಲ್ಲ, ಅದು” ಎಂದರು.

ಆ ಮಾತು ನನಗೆ ಅರ್ಥವಾಗದೆ ಇರಲಿಲ್ಲ. ಮಾವನವರ ಶ್ವಾಸಕೋಶ ಬಹುಕಾಲದಿಂದ ಕೆಟ್ಟಿತ್ತು. ಅದರ ಮೇಲೆ ಒಂದು ಬೆಳಗ್ಗೆ ಪಾರ್ಶ್ವವಾಯು ಬಡಿಯಿತು. ಮಕ್ಕಳು ಅವರನ್ನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಒಯ್ದರು. ಹತ್ತೊಂಬತ್ತು ದಿನ ಅವರು ಉಸಿರಾಟದ ಯಂತ್ರದ ಮೇಲಿದ್ದರು. ಕೊಳವೆಯನ್ನು ಕಿತ್ತುಕೊಳ್ಳಬಾರದೆಂದು ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ದಿನಕ್ಕೆ ಹತ್ತು ನಿಮಿಷ ಒಬ್ಬರನ್ನು ಒಳಗೆ ಬಿಡುತ್ತಿದ್ದರು. ನಾನು ಹೋದ ದಿನ ಅವರು ಬಲಗೈಯ ಬೆರಳುಗಳನ್ನು ಎರಡು ಸಲ ಎತ್ತಿ ಇಳಿಸಿದರು. ಹಿರಿಯ ಮಗ ಅದನ್ನು ನೀರು ಕೇಳುತ್ತಿದ್ದಾರೆ ಎಂದ. ಕಿರಿಯವನು ಮನೆಗೆ ಕರೆದೊಯ್ಯಿರಿ ಎನ್ನುತ್ತಿದ್ದಾರೆ ಎಂದ. ಆ ವಿವಾದ ಇಂದಿಗೂ ತೀರಿಲ್ಲ. ವೈದ್ಯರು ಒಂದು ಸಂಜೆ ಹೊರಗೆ ಬಂದು, “ಗುಣವಾಗುವ ಸಂಭವವಿಲ್ಲ, ಮುಂದೇನು ಮಾಡೋಣ, ನೀವೇ ಹೇಳಿ” ಎಂದಾಗ ನಾವು ಆರು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಸಾಯಲಿ ಎಂದು ಹೇಳಿದವನೆಂಬ ಹೆಸರನ್ನು ಯಾರು ಹೊತ್ತಾರು? ಹಿಪ್ಪುನೇರಳೆಯ ಒಂದು ತುಂಡು ತೋಟ ಮಾರಿ ಬಿಲ್ಲು ತೀರಿಸಿದೆವು. ಆದರೆ ಮನಸ್ಸಿನಲ್ಲಿ ಉಳಿದಿರುವುದು ಆ ತೋಟವಲ್ಲ, ಆ ಬೆರಳುಗಳು.

ಈ ಕಥೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣ, ಇದು ನಮ್ಮ ಮನೆಯೊಂದರ ಕಥೆಯಲ್ಲ ಎಂಬುದು. ಓದುಗರಲ್ಲಿ ಅನೇಕರು ತಮ್ಮದೇ ಒಂದು ಆಸ್ಪತ್ರೆಯ ಬಾಗಿಲನ್ನು ಈಗಾಗಲೇ ನೆನೆದಿರಬಹುದು.

ಉಸಿರಾಟದ ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ, ಉಸಿರು ಕಟ್ಟಿದ ಮಕ್ಕಳ ಗಂಟಲಿಗೆ ಕೊಳವೆ ಇಳಿಸಿ, ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ಕೈಯಿಂದಲೇ ಗಾಳಿ ಒತ್ತಿ, ಬಹುಮಂದಿಯನ್ನು ಉಳಿಸಿದರು. ಇಂದಿನ ತೀವ್ರ ನಿಗಾ ಘಟಕಗಳ ಮೂಲ ಅದು. ರೋಗ ಇಳಿಯುವವರೆಗೆ ದೇಹಕ್ಕೆ ಊರುಗೋಲಾಗಿರುವುದು ಆ ವಿದ್ಯೆಯ ಗುರಿ. ಇಳಿಯದ ರೋಗಕ್ಕೂ ಅದೇ ಊರುಗೋಲನ್ನು ಕೊಟ್ಟಾಗ, ಉಳಿಸುವುದು ಎಲ್ಲಿ ಮುಗಿಯಿತು, ಸಾವನ್ನು ಎಳೆಯುವುದು ಎಲ್ಲಿ ಮೊದಲಾಯಿತು ಎಂಬ ಗೆರೆ ಅಳಿಸಿಹೋಗುತ್ತದೆ. ಈ ಗೆರೆಯನ್ನು ರೋಗಿಯೇ ಮುಂಚಿತವಾಗಿ ಬರೆದಿಡಬಾರದೇಕೆ ಎಂದು 1969ರಲ್ಲಿ ಲೂಯಿಸ್ ಕಟ್ನರ್ ಎಂಬ ಅಮೆರಿಕದ ವಕೀಲ ಕೇಳಿದ. ‘ಜೀವಂತ ಉಯಿಲು’ ಎಂಬ ಕಲ್ಪನೆ ಅಲ್ಲಿಂದ ಬಂದದ್ದು. ಮರಣಶಾಸನ ಸತ್ತ ಮೇಲೆ ಮಾತನಾಡುತ್ತದೆ. ಇದು ಬದುಕಿದ್ದೂ ಮಾತು ನಿಂತಾಗ ಮಾತನಾಡುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಇದಕ್ಕೆ ಶಾಸನದ ಬೆಂಬಲ ಕೊಟ್ಟಿತು.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಎತ್ತಿ ಹಿಡಿದದ್ದು ಒಬ್ಬ ಕನ್ನಡನಾಡಿನ ಹೆಣ್ಣುಮಗಳ ಬಾಳು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನ ಕ್ರೂರ ಆಕ್ರಮಣಕ್ಕೆ ಸಿಕ್ಕಿ, ಮೆದುಳಿಗೆ ಆದ ಹಾನಿಯಿಂದ ಅವರು ಮತ್ತೆ ಚೇತರಿಸಲಿಲ್ಲ. 2015ರ ಮೇ 18ರಂದು ಕಣ್ಣು ಮುಚ್ಚುವವರೆಗೆ ನಾಲ್ಕು ದಶಕಗಳಿಗೂ ಮೀರಿ ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ಮಗುವಿನಂತೆ ನೋಡಿಕೊಂಡರು. ಲೇಖಕಿ ಪಿಂಕಿ ವಿರಾಣಿ ಅವರಿಗೆ ಬಿಡುಗಡೆ ಬೇಡಿ ಸುಪ್ರೀಂ ಕೋರ್ಟಿಗೆ ಹೋದರು. ದಾದಿಯರು ನಮ್ಮ ಅರುಣಾ ನಮಗೆ ಬೇಕು ಎಂದರು. 2011ರ ಮಾರ್ಚ್ 7ರಂದು ನ್ಯಾಯಾಲಯ ದಾದಿಯರ ಮಾತನ್ನೇ ಎತ್ತಿ ಹಿಡಿಯಿತು. ಆದರೆ ಹೈಕೋರ್ಟಿನ ಒಪ್ಪಿಗೆ ಪಡೆದು, ಗುಣವಾಗದ ರೋಗಿಗೆ ಜೀವಾಧಾರದ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ ದಾರಿಯನ್ನೂ ತೆರೆಯಿತು. ಎರಡೂ ಪಕ್ಷದವರು ಅರುಣಾ ಅವರ ಪರವಾಗಿಯೇ ಮಾತನಾಡಿದರು. ಅರುಣಾ ಅವರ ಸ್ವಂತ ಮಾತು ಮಾತ್ರ ಯಾರ ಬಳಿಯೂ ಇರಲಿಲ್ಲ.

ಆ ಕೊರತೆಯನ್ನು ತುಂಬಿದ್ದು 2018ರ ಮಾರ್ಚ್ 9ರ ತೀರ್ಪು. ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ, ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಅವರ ನೇತೃತ್ವದ ಐವರ ಸಂವಿಧಾನ ಪೀಠವು, ಘನತೆಯಿಂದ ಸಾಯುವುದೂ ಸಂವಿಧಾನದ 21ನೆಯ ವಿಧಿ ಕೊಡುವ ಬದುಕಿನ ಹಕ್ಕಿನೊಳಗೇ ಸೇರಿದೆ ಎಂದಿತು; ಮುಂಗಡವಾಗಿ ಬರೆದಿಟ್ಟ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. ಆದರೆ ವಿಧಿಸಿದ ಕ್ರಮ ಎಷ್ಟು ಜಟಿಲವಾಗಿತ್ತೆಂದರೆ, ಕಾಗದಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕು. ಅದು ಜಾರಿಗೆ ಬರಬೇಕಾದರೆ ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ನೋಡಬೇಕು. ರೋಗಿಯ ಗಡುವು ಕಚೇರಿಯ ಗಡುವಿಗೆ ಕಾಯುವುದಿಲ್ಲ. ಸುಮಾರು ಐದು ವರ್ಷ ಕಳೆದ ಮೇಲೆ, 2023ರ ಜನವರಿ 24ರಂದು, ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರ ಪೀಠ ಅದನ್ನು ಸಡಿಲಿಸಿತು.

ಈಗಿನ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ವಯಸ್ಸಿಗೆ ಬಂದ, ಸ್ವಸ್ಥಚಿತ್ತರಾದ ಯಾರೂ, ಯಾರ ಒತ್ತಾಯವೂ ಇಲ್ಲದೆ, ಈ ನಿರ್ದೇಶನವನ್ನು ಬರೆಯಬಹುದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂಬುದು ಸ್ಪಷ್ಟವಾಗಿರಬೇಕು. ತಮಗೆ ಮಾತು ನಿಂತಾಗ ತಮ್ಮ ಪರವಾಗಿ ನಿರ್ಧರಿಸುವವರ ಹೆಸರುಗಳಿರಬೇಕು. ಇಬ್ಬರು ಸಾಕ್ಷಿಗಳ ಎದುರಿಗೆ ರುಜು ಮಾಡಿ, ನೋಟರಿಯಿಂದ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಒಂದು ಪ್ರತಿ ಹೆಸರಿಸಿದವರಿಗೆ, ಒಂದು ಮನೆಯ ವೈದ್ಯರಿಗೆ, ಮತ್ತೊಂದು ಪಂಚಾಯಿತಿಗೆ ಅಥವಾ ಪುರಸಭೆಗೆ. ಅದನ್ನು ಕಾಪಾಡುವುದಕ್ಕೆ ಅಲ್ಲಿ ಒಬ್ಬ ಅಧಿಕಾರಿ ನೇಮಕವಾಗಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದುಮಾಡಬಹುದು.

ಕಾಗದವೊಂದಿದೆ ಎಂದ ಮಾತ್ರಕ್ಕೆ ಯಾರೂ ಯಂತ್ರವನ್ನು ನಿಲ್ಲಿಸುವಂತಿಲ್ಲ. ಚಿಕಿತ್ಸೆ ಮಾಡುತ್ತಿರುವ ವೈದ್ಯರೂ, ಕನಿಷ್ಠ ಐದು ವರ್ಷದ ಅನುಭವವುಳ್ಳ ಇಬ್ಬರು ತಜ್ಞರೂ ಸೇರಿದ ಮೊದಲ ಮಂಡಲಿ ಗುಣವಾಗುವ ಆಸೆಯಿಲ್ಲವೆಂದು ಹೇಳಬೇಕು. ಜಿಲ್ಲೆಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬರೂ ಬೇರೆ ಇಬ್ಬರು ತಜ್ಞರೂ ಇರುವ ಎರಡನೆಯ ಮಂಡಲಿ ಅದನ್ನು ಒಪ್ಪಬೇಕು. ಎರಡೂ ಆದಷ್ಟು ಮಟ್ಟಿಗೆ ನಲವತ್ತೆಂಟು ಗಂಟೆಗಳೊಳಗೆ ತೀರ್ಮಾನ ಕೊಡಬೇಕು. ಹೆಸರಿಸಿದವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ಮುಂಚಿತವಾಗಿ ತಿಳಿಸಬೇಕು. ಮಂಡಲಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು.

ಕರ್ನಾಟಕ ಸರಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿ, ಈ ಎರಡನೆಯ ಮಂಡಲಿಗಳಿಗೆ ವೈದ್ಯರನ್ನು ಸೂಚಿಸುವ ಹೊಣೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ವಹಿಸಿತು. ಆಗ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಪತ್ರಿಕೆಗಳಲ್ಲಿ ಮತ್ತೆ ಬಂದಿತು. ಘನತೆಯ ಮರಣದ ಹಕ್ಕಿಗಾಗಿ ಎರಡು ದಶಕಗಳಿಂದ ನ್ಯಾಯಾಲಯಗಳಿಗೂ ಸರಕಾರಗಳಿಗೂ ಬರೆಯುತ್ತ ಬಂದ ವೃದ್ಧೆ ಅವರು. ಆದರೆ ಆದೇಶದ ವ್ಯಾಪ್ತಿಯನ್ನು ಸರಿಯಾಗಿ ತಿಳಿಯಬೇಕು. ಸೂಜಿ ಚುಚ್ಚಿ ಸಾವು ತರಿಸುವುದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ಬಾಳು ಬೇಸರವಾಯಿತೆಂಬ ಕಾರಣಕ್ಕೆ ಯಾರಿಗೂ ಇದು ಅನ್ವಯಿಸುವುದಿಲ್ಲ. ಉಪಯೋಗವಿಲ್ಲದ ಚಿಕಿತ್ಸೆಯನ್ನು ತೊಡಗದಿರುವುದು, ತೊಡಗಿದ್ದರೆ ನಿಲ್ಲಿಸುವುದು, ಇಷ್ಟೇ ಇದರ ಅರ್ಥ. ಯಂತ್ರವನ್ನು ತೆಗೆಯುವುದೂ ಕೊಲ್ಲುವುದೂ ಒಂದೇ ಎನ್ನುವವರು ಅಮೆರಿಕದ ಕ್ಯಾರೆನ್ ಆನ್ ಕ್ವಿನ್ಲನ್ ಎಂಬ ತರುಣಿಯನ್ನು ನೆನೆಯಬಹುದು: ನ್ಯಾಯಾಲಯದ ಅನುಮತಿಯಿಂದ 1976ರಲ್ಲಿ ಉಸಿರಾಟದ ಯಂತ್ರ ತೆಗೆದ ಮೇಲೂ ಆಕೆ ತಾನಾಗಿ ಉಸಿರಾಡುತ್ತ 1985ರವರೆಗೆ ಇದ್ದಳು.

ಇದು ಪಶ್ಚಿಮದಿಂದ ಬಂದ ವಿಚಾರ, ನಮ್ಮ ಸಂಸ್ಕಾರಕ್ಕೆ ಒಗ್ಗದು ಎನ್ನುವವರೂ ಇದ್ದಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳನ್ನು ಓದಿದವರು ಹಾಗೆ ಹೇಳಲಾರರು. ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಹೆಸರುಗಳು ಅಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಕೆತ್ತಿ ನಿಂತಿವೆ. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಹೈಕೋರ್ಟು ಆ ವ್ರತವನ್ನು ಅಪರಾಧವೆಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ವ್ರತ ಬೇರೆ, ಚಿಕಿತ್ಸೆಯ ನಿರಾಕರಣೆ ಬೇರೆ. ಎರಡನ್ನೂ ಒಂದೆನ್ನುವುದು ತಪ್ಪು. ಆದರೆ ಕೊನೆಯನ್ನು ಕಣ್ಣು ತೆರೆದು ನೋಡುವುದು ನಮಗೆ ಹೊಸದಲ್ಲ. ಕೊನೆಗಾಲದಲ್ಲಿ ಮಂಚದಿಂದ ನೆಲಕ್ಕೆ ಇಳಿಸಿ ಬಾಯಿಗೆ ಗುಟುಕು ನೀರು ಬಿಡುತ್ತಿದ್ದ ನಮ್ಮ ಹಿರಿಯರು ಸಾವನ್ನು ಮನೆಯಿಂದ ಹೊರಗೆ ಕಳಿಸಿದವರಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಜಂಗಮಕೋಟೆಯ ಸುತ್ತ ಕೈಗಾರಿಕಾ ಪ್ರದೇಶಕ್ಕಾಗಿ ಭೂಸ್ವಾಧೀನದ ಮಾತು ಎದ್ದಮೇಲೆ ಒಂದು ಎಕರೆಯ ಬೆಲೆ ಅಣ್ಣತಮ್ಮಂದಿರನ್ನು ಬೇರೆ ಮಾಡುವಷ್ಟು ಏರಿದೆ. ಇಂಥ ಕಡೆ ಮುದುಕರ ಕೈಯಲ್ಲಿ ಇಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಕ್ಕಳು ಹುಟ್ಟರೆ? ಹುಟ್ಟಿಯಾರು. ಎರಡು ಮಂಡಲಿಗಳ ಬಂದೋಬಸ್ತು ಆ ಭಯಕ್ಕಾಗಿಯೇ ಇದೆ. ಗುಣವಾಗಬಲ್ಲ ರೋಗಿಯ ವಿಷಯದಲ್ಲಿ ಈ ಕಾಗದಕ್ಕೆ ಬೆಲೆಯಿಲ್ಲ. ಕಾಗದವಿಲ್ಲದಿದ್ದರೆ ಮಕ್ಕಳ ಮಾತೊಂದೇ ಉಳಿಯುತ್ತದೆ ಎಂಬುದನ್ನೂ ಮರೆಯಬಾರದು.

ನನ್ನನ್ನು ಬಹಳ ಕಾಡುವುದು ಮೂರನೆಯ ಮಾತು. ಬಡವನಿಗೆ ಯಂತ್ರದಿಂದ ಬಿಡುಗಡೆ ಕೊಡಿಸಲು ನ್ಯಾಯಾಲಯ ಬೇಕಾಗಿಲ್ಲ. ದುಡ್ಡು ಮುಗಿದ ದಿನ ಬಿಡುಗಡೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ ಮಗನ ರುಜು ಪಡೆದು, ನೋವಿಗೆ ಒಂದು ಮಾತ್ರೆಯೂ ಇಲ್ಲದೆ, ಬಾಡಿಗೆ ವಾಹನದಲ್ಲಿ ಊರಿಗೆ ಕಳಿಸುತ್ತಾರೆ. ಅದನ್ನು ಘನತೆ ಎನ್ನಲಾದೀತೆ? 1985ರ ಮಾದಕವಸ್ತು ಕಾನೂನಿನ ಬಿಗಿಯಲ್ಲಿ ಮಾರ್ಫೀನು ಕ್ಯಾನ್ಸರ್ ರೋಗಿಗಳ ಕೈಗೂ ಎಟುಕದಾಗಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಕರುಣಾಶ್ರಯದಂಥ ಸಂಸ್ಥೆ ಗುಣವಾಗದ ರೋಗಿಗಳನ್ನು ಹಣ ಕೇಳದೆ ಕೊನೆಯವರೆಗೆ ಸಲಹುತ್ತದೆ. ಇಂಥ ಆರೈಕೆ ತಾಲ್ಲೂಕಿನ ಆಸ್ಪತ್ರೆಯವರೆಗೆ ಬರಬೇಕು. ಬೇಡವೆನ್ನುವ ಹಕ್ಕಿನೊಡನೆ ನೋವಿಲ್ಲದಿರುವ ಹಕ್ಕೂ ಬಾರದಿದ್ದರೆ, ಈ ತೀರ್ಪುಗಳ ಫಲ ಉಳ್ಳವರಿಗೆ ಮಾತ್ರ.

ಇಷ್ಟನ್ನೂ ನಾನು ಅತ್ತೆಗೆ ನನಗೆ ತಿಳಿದ ಮಟ್ಟಿಗೆ ಹೇಳಿದೆ. ಅವರು ಕೇಳಿ, “ಹಣ್ಣಾದ ಹುಳ ಸೊಪ್ಪು ಮುಟ್ಟಲ್ಲ. ಚಂದ್ರಂಕಿಗೆ ಬಿಡಬೇಕು. ಅದರ ಮೇಲೆ ಸೊಪ್ಪು ಸುರಿದರೆ ಏನು ಬಂತು?” ಎಂದರು. ಅವರಿಗೆ ಕಾನೂನು ನನಗಿಂತ ಬೇಗ ತಿಳಿಯಿತು. ಆಮೇಲೆ ಎರಡು ಮಾತು ಸೇರಿಸು ಎಂದರು: ನೋವಿಗೆ ಔಷಧಿ ಕೊಡಬೇಕು, ಕೊನೆಗೆ ಮನೆಗೆ ಕರೆತರಬೇಕು.

ಬರೆಯುವುದು ಸುಲಭವಾಗಿತ್ತು. ಹೆಸರಿಸುವುದು ಕಷ್ಟವಾಯಿತು. ಅತ್ತೆ ಇಬ್ಬರು ಗಂಡುಮಕ್ಕಳನ್ನೂ ಬಿಟ್ಟು ಕಿರಿಯ ಸೊಸೆಯ ಹೆಸರು ಹೇಳಿದರು. “ಮಕ್ಕಳಿಗೆ ನನ್ನ ಮೇಲೆ ಆಸೆ, ಅವರ ಕೈಲಾಗಲ್ಲ. ಇವಳು ಹೇಳಿದ ಮಾತು ನಡೆಸ್ತಾಳೆ” ಎಂದರು. ಹಿರಿಯ ಮಗ ಎದ್ದು ಹೊರಗೆ ಹೋದ. ರಾತ್ರಿ ಊಟದ ಹೊತ್ತಿಗೆ ಬಂದು, ತಂದೆಯ ಬೆರಳಿನ ಮಾತನ್ನು ತಾನಾಗಿ ತೆಗೆದ. ಅಷ್ಟು ವರ್ಷಗಳಲ್ಲಿ ಅಣ್ಣತಮ್ಮಂದಿರು ಅದನ್ನು ಜಗಳವಿಲ್ಲದೆ ಮಾತನಾಡಿದ್ದು ಅಂದೇ. ಈ ಕಾಗದದ ಪ್ರಯೋಜನ ಆಸ್ಪತ್ರೆಯಲ್ಲಿ ಎಷ್ಟೋ, ಮನೆಯಲ್ಲಿ ಅದಕ್ಕಿಂತ ಹೆಚ್ಚು ಎಂದು ನನಗೆ ತೋರಿದ್ದು ಆಗ.

ನೋಟರಿಗಳು ಎರಡು ಸಲ ಓದಿ ಮುದ್ರೆ ಒತ್ತಿದರು. ಪ್ರತಿಯೊಂದನ್ನು ಕೊಡಲು ಹೋದ ಸ್ಥಳೀಯ ಕಚೇರಿಯಲ್ಲಿ, ಯಾವ ಕಚೇರಿ ಎಂಬುದು ಮುಖ್ಯವಲ್ಲ, ಇದನ್ನು ಯಾವ ಕಡತದಲ್ಲಿ ಇಡಬೇಕೆಂದು ಗುಮಾಸ್ತರಿಗೆ ತೋಚಲಿಲ್ಲ. ಜನನ ಮರಣಗಳ ಕಡತ ಅವರಲ್ಲಿ ಇತ್ತು. ಇದು ಎರಡರಲ್ಲಿ ಒಂದೂ ಅಲ್ಲ. ಕೊನೆಗೆ ಸ್ವೀಕೃತಿ ಬರೆದು ಬೀರುವಿನಲ್ಲಿ ಇಟ್ಟರು. ಸುಪ್ರೀಂ ಕೋರ್ಟಿನ ತೀರ್ಪು ಹಳ್ಳಿಯ ಬೀರುವಿಗೆ ಬಂದು ಸೇರುವ ದಾರಿ ಇನ್ನೂ ಸವೆಯಬೇಕಾಗಿದೆ.

ಎರಡನೆಯ ಹೆಸರಾಗಿ ಅತ್ತೆ ನನ್ನದನ್ನು ಬರೆಸಿದ್ದಾರೆ. ಅಂದು ಆಸ್ಪತ್ರೆಯ ಬಾಗಿಲಲ್ಲಿ ಬಾಯಿ ಬಿಡದಿದ್ದ ಆರು ಜನರಲ್ಲಿ ನಾನೂ ಒಬ್ಬ. ಮತ್ತೊಮ್ಮೆ ಯಾರಾದರೂ ಹೊರಗೆ ಬಂದು ಕೇಳಿದರೆ ಹೇಳಬೇಕಾದ ಮಾತು ಈಗ ನನ್ನದಲ್ಲ, ಅವರದು. ಅದನ್ನು ನಡುಗದೆ ಹೇಳುವಷ್ಟು ಧೈರ್ಯ ಬಂದರೆ ಸಾಕು. ನನ್ನ ಸ್ವಂತ ಕಾಗದವನ್ನು ನಾನಿನ್ನೂ ಬರೆದಿಲ್ಲ. ಈ ವಾರ ಬರೆಯಬೇಕೆಂದಿದ್ದೇನೆ.