ಬಸಿರಿನ ಮೊದಲ ಒಂಬತ್ತು ವಾರಗಳು

ಅಂಡಾಶಯದಿಂದ ಅಂಡಾಣು ಹೊರಬಿದ್ದ ಮೇಲೆ ಅದನ್ನು ಪೊರೆದಿದ್ದ ಕೋಶಕ ಒಡನೆಯೇ ಅಳಿದುಹೋಗುವುದಿಲ್ಲ. ಅದರ ಗೋಡೆಯ ಜೀವಕೋಶಗಳು ಕೊಬ್ಬನ್ನು ತುಂಬಿಕೊಂಡು, ಹಳದಿ ಬಣ್ಣಕ್ಕೆ ತಿರುಗಿ, ಕಾರ್ಪಸ್ ಲೂಟಿಯಂ ಎಂಬ ತಾತ್ಕಾಲಿಕ ಗ್ರಂಥಿಯಾಗುತ್ತವೆ. ಈ ಗ್ರಂಥಿ ಸ್ರವಿಸುವ ಪ್ರೊಜೆಸ್ಟೆರಾನ್ ಹಾರ್ಮೋನು ಗರ್ಭಕೋಶದ ಒಳಪೊರೆಯನ್ನು ಭ್ರೂಣ ನೆಲೆಯೂರಲು ಹದಗೊಳಿಸುತ್ತದೆ, ಗರ್ಭಕೋಶದ ಸ್ನಾಯುಗಳು ಹಿಂಡಿಕೊಳ್ಳದಂತೆ ತಡೆಯುತ್ತದೆ, ಮತ್ತು ತಂದೆಯ ಅಂಶವನ್ನೂ ಹೊತ್ತಿರುವ ಭ್ರೂಣವನ್ನು ತಾಯಿಯ ರೋಗನಿರೋಧಕ ವ್ಯವಸ್ಥೆ ಸಹಿಸಿಕೊಳ್ಳಲು ನೆರವಾಗುತ್ತದೆ. ಆದರೆ ಗ್ರಂಥಿಯ ಆಯುಸ್ಸು ಸುಮಾರು 14 ದಿನ ಮಾತ್ರ. ಅದು ಕುಗ್ಗಿದರೆ ಪ್ರೊಜೆಸ್ಟೆರಾನ್ ಇಳಿದು, ಒಳಪೊರೆ ಕಳಚಿ ಮುಟ್ಟಾಗುತ್ತದೆ.

ಗರ್ಭ ನಿಂತಾಗ ಹೀಗಾಗದಂತೆ ತಡೆಯುವುದು ಭ್ರೂಣವೇ. ಅದರ ಹೊರಪದರದ ಜೀವಕೋಶಗಳು, ಅಂದರೆ ಮುಂದೆ ಜರಾಯುವಾಗಿ, ಜನಬಳಕೆಯ ಮಾತಿನಲ್ಲಿ ಮಾಸಾಗಿ ಬೆಳೆಯುವ ಜೀವಕೋಶಗಳು, ಹ್ಯೂಮನ್ ಕೊರಿಯಾನಿಕ್ ಗೊನಡೊಟ್ರೋಪಿನ್ ಅಥವಾ ಎಚ್‌ಸಿಜಿ ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಅಂಡಾಶಯವನ್ನು ತಲುಪಿ ಹಳದಿ ಗ್ರಂಥಿಯನ್ನು ಬದುಕಿಸಿಕೊಳ್ಳುವ ಈ ಹಾರ್ಮೋನಿನ ಪ್ರಮಾಣ ಆರಂಭದಲ್ಲಿ ಎರಡು ದಿನಗಳಿಗೊಮ್ಮೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತ, ಎಂಟರಿಂದ ಹತ್ತನೆಯ ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಗರ್ಭಪರೀಕ್ಷೆಯ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಿಸುವುದೂ ಇದೇ.

ಹಳದಿ ಗ್ರಂಥಿಯ ಮಹತ್ವವನ್ನು 1903ರಲ್ಲಿ ಬ್ರೆಸ್ಲೌ ನಗರದ ಲುಡ್ವಿಗ್ ಫ್ರೆಂಕೆಲ್ ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಪ್ರೊಜೆಸ್ಟೆರಾನ್ ಶುದ್ಧರೂಪದಲ್ಲಿ ಕೈಗೆ ಸಿಕ್ಕಿದ್ದು 1934ರಲ್ಲಿ. ಮನುಷ್ಯರಲ್ಲಿ ಈ ಗ್ರಂಥಿ ಎಷ್ಟು ಕಾಲ ಅನಿವಾರ್ಯ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು 1970ರ ದಶಕದ ಆರಂಭದಲ್ಲಿ ಆರ್ಪಾದ್ ಚಾಪೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಿಂದ. ಗರ್ಭವನ್ನು ಮುಂದುವರಿಸುವುದಿಲ್ಲವೆಂದು ತೀರ್ಮಾನಿಸಿದ್ದ ಮಹಿಳೆಯರಲ್ಲಿ ಶಸ್ತ್ರಕ್ರಿಯೆಯಿಂದ ಹಳದಿ ಗ್ರಂಥಿಯನ್ನು ತೆಗೆದಾಗ, ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿ ಏಳು ವಾರ ತುಂಬದಿದ್ದವರಲ್ಲಿ ಪ್ರೊಜೆಸ್ಟೆರಾನ್ ಕುಸಿದು ಗರ್ಭ ಕಳಚಿತು. ಒಂಬತ್ತು ವಾರ ದಾಟಿದವರಲ್ಲಿ ಹಾರ್ಮೋನು ತುಸು ಇಳಿದರೂ ಗರ್ಭ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಜರಾಯು ತಾನೇ ಸಾಕಷ್ಟು ಪ್ರೊಜೆಸ್ಟೆರಾನ್ ತಯಾರಿಸತೊಡಗಿತ್ತು. ಗ್ರಂಥಿ ತೆಗೆದ ಬಳಿಕ ಹೊರಗಿನಿಂದ ಪ್ರೊಜೆಸ್ಟೆರಾನ್ ಕೊಟ್ಟಾಗ ಎಳೆಯ ಗರ್ಭವೂ ನಿಂತಿತೆಂಬುದು ಈ ಸರಣಿಯ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ.

ಆದರೆ ಗ್ರಂಥಿಯನ್ನು ಕಿತ್ತಾಗ ಗರ್ಭ ಬೀಳುತ್ತದೆ ಎಂದಮಾತ್ರಕ್ಕೆ ಬಿದ್ದ ಗರ್ಭಗಳೆಲ್ಲ ಹಾರ್ಮೋನಿನ ಕೊರತೆಯಿಂದಲೇ ಬಿದ್ದವು ಎನ್ನಲಾಗದು. ಆರಂಭಿಕ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷ ಕಾರಣ. ಬೆಳವಣಿಗೆ ನಿಂತ ಭ್ರೂಣದಿಂದ ಎಚ್‌ಸಿಜಿ ಬರುವುದು ಕಡಿಮೆಯಾದಾಗ ಪ್ರೊಜೆಸ್ಟೆರಾನ್ ತಾನಾಗಿ ಇಳಿಯುತ್ತದೆ, ಅಂದರೆ ಅಲ್ಲಿ ಇಳಿಕೆ ಕಾರಣವಲ್ಲ, ಪರಿಣಾಮ. ಈ ವ್ಯತ್ಯಾಸ ತಿಳಿಯದ ಮನೆಗಳಲ್ಲಿ ಪರಂಗಿ ಹಣ್ಣು ತಿಂದಳು, ಮೆಟ್ಟಿಲು ಹತ್ತಿದಳು ಎಂದು ಗರ್ಭ ಕಳೆದುಕೊಂಡವಳ ಮೇಲೆಯೇ ಹೊರೆ ಹೊರಿಸುವುದು ಇಂದಿಗೂ ನಡೆದಿದೆ, ಮತ್ತು ಅದು ಕ್ರೂರವಾದ ಅನ್ಯಾಯ. ವೈದ್ಯಲೋಕವೂ ಇದೇ ವಿಷಯದಲ್ಲಿ ಎಡವಿತ್ತು. ಜರಾಯುವಿನ ಹಾರ್ಮೋನುಗಳನ್ನು ಹೆಚ್ಚಿಸಿ ಗರ್ಭ ಉಳಿಸುತ್ತದೆಂಬ ನಂಬಿಕೆಯಿಂದ ಅಮೆರಿಕದಲ್ಲಿ ಡೈಇಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ ಅನ್ನು ಗರ್ಭಿಣಿಯರಿಗೆ ವ್ಯಾಪಕವಾಗಿ ಕೊಡಲಾಯಿತು. ಅದರಿಂದ ಪ್ರಯೋಜನವಿಲ್ಲವೆಂದು 1953ರಲ್ಲೇ ಷಿಕಾಗೊ ನಗರದ ಪರೀಕ್ಷೆ ತೋರಿಸಿದರೂ ಬಳಕೆ ನಿಲ್ಲಲಿಲ್ಲ, 1971ರಲ್ಲಿ ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ವರದಿಯಾಯಿತು.

ಪ್ರೊಜೆಸ್ಟೆರಾನ್ ಆ ಔಷಧಿಯಂಥದ್ದಲ್ಲ, ದೇಹದ್ದೇ ಹಾರ್ಮೋನು. ಆದರೂ ಅದನ್ನು ಎಲ್ಲ ಗರ್ಭಿಣಿಯರಿಗೂ ಬರೆದುಕೊಡಲು ಆಧಾರವಿಲ್ಲ. ಕಾರಣ ತಿಳಿಯದೆ ಪದೇ ಪದೇ ಗರ್ಭಸ್ರಾವವಾಗಿದ್ದ 836 ಮಹಿಳೆಯರ ಮೇಲಿನ, 2015ರಲ್ಲಿ ಪ್ರಕಟವಾದ ಪ್ರಾಮಿಸ್ ಪರೀಕ್ಷೆಯಲ್ಲಿ ಅದರಿಂದ ಗಣನೀಯ ಲಾಭ ಕಾಣಲಿಲ್ಲ. ಬಸಿರಿನ ಆರಂಭದಲ್ಲಿ ರಕ್ತಸ್ರಾವವಾದ 4,153 ಮಹಿಳೆಯರನ್ನು ಒಳಗೊಂಡ 2019ರ ಪ್ರಿಸಂ ಪರೀಕ್ಷೆಯಲ್ಲೂ ಜೀವಂತ ಜನನದ ಪ್ರಮಾಣ ಔಷಧಿ ಪಡೆದವರಲ್ಲಿ ಶೇ 75, ಪಡೆಯದವರಲ್ಲಿ ಶೇ 72 ಇದ್ದು, ಅಂತರ ನಿರ್ಣಾಯಕವಾಗಿರಲಿಲ್ಲ. ಆದರೆ ಅವರಲ್ಲೇ ಹಿಂದೆ ಮೂರು ಅಥವಾ ಹೆಚ್ಚು ಬಾರಿ ಗರ್ಭ ಕಳೆದುಕೊಂಡಿದ್ದವರನ್ನು ಬೇರೆಯಾಗಿ ನೋಡಿದಾಗ ಆ ಪ್ರಮಾಣ ಶೇ 72 ಮತ್ತು ಶೇ 57 ಆಗಿತ್ತು. ಇದನ್ನು ಗಮನಿಸಿಯೇ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2021ರಲ್ಲಿ, ಹಿಂದೆ ಗರ್ಭಸ್ರಾವವಾಗಿದ್ದು ಈ ಬಾರಿ ರಕ್ತ ಕಂಡವರಿಗೆ ಮಾತ್ರ, ಸ್ಕ್ಯಾನಿಂಗಿನಲ್ಲಿ ಗರ್ಭ ಗರ್ಭಕೋಶದೊಳಗೇ ಇರುವುದು ಖಚಿತವಾದ ಮೇಲೆ, 400 ಮಿಲಿಗ್ರಾಂ ಪ್ರೊಜೆಸ್ಟೆರಾನನ್ನು ದಿನಕ್ಕೆ ಎರಡು ಬಾರಿ ಯೋನಿಯ ಮೂಲಕ ಕೊಡುವಂತೆ ಸಲಹೆ ಮಾಡಿತು.