ಬಾಚಣಿಗೆ ಬುಡ ಮುಟ್ಟಲಿ

ಕಳೆದ ಬೇಸಿಗೆಯಲ್ಲಿ ಯಾರೋ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೇಟಿಗೆ ಒಂದು ಶಿಟ್ಜು ನಾಯಿಯನ್ನು ಕಟ್ಟಿ ಹೋಗಿದ್ದರು. ಮುಂಗಾಲು ಕುಂಟುತ್ತಿತ್ತು. ಮೂಳೆ ಮುರಿದಿದೆ ಅಂದುಕೊಂಡೇ ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗೇ ಇತ್ತು. ಡಾಕ್ಟರು ಅದರ ಕಂಕುಳಿಗೆ ಕೈ ಹಾಕಿದಾಗ ಗೊತ್ತಾಯಿತು: ಕಾಲಿನ ಕೂದಲೂ ಎದೆಯ ಕೂದಲೂ ಹೆಣೆದುಕೊಂಡು ಹಗ್ಗವಾಗಿದ್ದವು. ಹೆಜ್ಜೆ ಎತ್ತಿದಾಗಲೆಲ್ಲ ಆ ಹಗ್ಗ ಚರ್ಮವನ್ನು ಜಗ್ಗುತ್ತಿತ್ತು. ಎರಡು ಗಂಟೆ ಟ್ರಿಮ್ಮರ್ ಹಿಡಿದು ಕೂತರು. ಕೂದಲು ಎಳೆಎಳೆಯಾಗಿ ಉದುರಲಿಲ್ಲ, ಹಳೇ ಕಂಬಳಿಯ ತುಂಡಿನ ಹಾಗೆ ಇಡಿಯಾಗಿ ಎದ್ದು ಬಂತು. ಅಡಿಯ ಚರ್ಮ ಬೆಂದಂತೆ ಕೆಂಪಗಿತ್ತು. ಕಿವಿಯ ಹಿಂದೆ ಉಣ್ಣಿಗಳು ಸಾಲುಗಟ್ಟಿದ್ದವು. ಟೇಬಲ್ಲಿನಿಂದ ಇಳಿಸಿದ ಮೇಲೆ ನಾಲ್ಕೂ ಕಾಲೂರಿ ನಿಂತಿತು, ಮೈ ಕೊಡವಿತು, ನಡೆಯಿತು. ಕುಂಟಲಿಲ್ಲ.

ಆ ನಾಯಿಗೆ ಯಾರೂ ಹೊಡೆದ ಗುರುತಿರಲಿಲ್ಲ. ಉಪವಾಸ ಕೆಡವಿದ ಹಾಗೂ ಕಾಣಲಿಲ್ಲ. ಯಾರೂ ಅದರ ತಲೆ ಬಾಚಿರಲಿಲ್ಲ, ಮೈ ಬಾಚಿರಲಿಲ್ಲ, ಅಷ್ಟೇ. ಅಷ್ಟೇ ಸಾಕಾಯಿತು ಅದು ಕುಂಟುವಂತೆ ಮಾಡಲು. ಬಾಚದೆ ಬಿಡುವುದೂ ಹಿಂಸೆ ಎಂದು ನಾನು ಕೂಗಿ ಹೇಳಬೇಕೆನಿಸಿದ್ದು ಆಗಲೇ.

ಈ ಕೂದಲು ನಾಯಿ ಬೇಡಿ ಪಡೆದದ್ದಲ್ಲ. ಟಿಬೆಟ್ಟಿನಿಂದ ಬಂದ ತಳಿಯನ್ನು ಚೀನಾದ ಅರಮನೆಯಲ್ಲಿ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದರು, ಸಿಂಹದ ಹೆಸರಿಟ್ಟರು. ನಮ್ಮ ಮುಧೋಳ ನಾಯಿಯ ಮೈ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಶಿಟ್ಜುವಿನ ಕೂದಲು ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಹೋಗುತ್ತದೆ. ಉದುರಿದ ಕೂದಲು ಕೆಳಗೆ ಬೀಳದೆ ಉಳಿದದ್ದರೊಳಗೇ ಸಿಕ್ಕಿಕೊಳ್ಳುತ್ತದೆ. ಉದ್ದ ಜಡೆಯ ಮಗಳಿರುವ ಮನೆಯಲ್ಲಿ ಸಿಕ್ಕು ಅಂದರೇನು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ವಾರವಿಡೀ ಹಣಿಗೆ ಮುಟ್ಟಿಸದೆ ಆ ಮಗುವನ್ನು ಶಾಲೆಗೆ ಕಳಿಸುತ್ತೀರಾ?

ನಾನೂ ತಪ್ಪು ಮಾಡಿದ್ದೇನೆ. ನಮ್ಮನೆಯ ಶಿಟ್ಜು ಪುಟ್ಟಿಗೆ ದಿನಾ ಬ್ರಷ್ ಮಾಡುತ್ತಿದ್ದೆ, ಮೇಲೆ ಮೇಲೆ. ನೋಡಲು ರೇಷ್ಮೆಯಂತಿರುತ್ತಿತ್ತು. ಬುಡದಲ್ಲಿ ಗಂಟು ಕೂತಿರುವುದು ಬೆರಳಿಗೆ ಸಿಕ್ಕಾಗ ತಡವಾಗಿತ್ತು. ಕೂದಲನ್ನು ಒಂದೊಂದು ಪದರವಾಗಿ ಎತ್ತಿ, ಚರ್ಮ ಕಾಣುವಂತೆ ಬೈತಲೆ ತೆಗೆದು ಬಾಚಬೇಕು, ಸ್ಟೀಲಿನ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಹೋಗಬೇಕು. ಗಂಟು ಮೊದಲು ಕಟ್ಟುವುದು ಕಿವಿಯ ಹಿಂದೆ, ಕಂಕುಳಲ್ಲಿ, ಬೆಲ್ಟಿನ ಕೆಳಗೆ, ಬಾಲದ ಬುಡದಲ್ಲಿ. ವಾಸನೆ ಬಂತೆಂದು ಗಂಟಿನ ಮೇಲೇ ನೀರು ಹೊಯ್ಯಬೇಡಿ. ಉಣ್ಣೆಯ ಸ್ವೆಟರು ಬಿಸಿನೀರಿಗೆ ಬಿದ್ದರೆ ಬಿಗಿಯುವಂತೆ ಅದೂ ಬಿಗಿಯುತ್ತದೆ. ಸಿಕ್ಕು ಮೊದಲು, ಸ್ನಾನ ಆಮೇಲೆ. ಕತ್ತರಿಯಂತೂ ಬೇಡವೇ ಬೇಡ: ಗಂಟಿನೊಳಗೆ ಚರ್ಮವೂ ಎದ್ದು ಬಂದಿರುತ್ತದೆ, ಕತ್ತರಿಗೆ ಎರಡೂ ಒಂದೇ.

ಕಣ್ಣಿನ ಮಾತು ಬೇರೆಯೇ. ಉಬ್ಬಿದ ಆ ಕಣ್ಣುಗಳ ಮೇಲೆ ಕೂದಲು ದಿನವಿಡೀ ಉಜ್ಜಿದರೆ ಕಣ್ಣುಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಸಡಿಲವಾಗಿ ಜುಟ್ಟು ಕಟ್ಟಿ, ಇಲ್ಲವೇ ಗಿಡ್ಡ ಮಾಡಿಸಿ. ಪಾದದ ಕೂದಲೊಳಗೆ ಮರೆಯಾದ ಉಗುರು ಸುತ್ತಿಕೊಂಡು ಮಾಂಸಕ್ಕೇ ಇಳಿದದ್ದನ್ನು ಕಂಡಿದ್ದೇನೆ. ಬಾಲದಡಿ ಮಲ ಅಂಟಿ ಒಣಗಿದಲ್ಲಿ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆ. ಬರೆಯಲು ಸಂಕಟ, ಆದರೂ ಬರೆಯಲೇಬೇಕು.

ಇನ್ನು ಸೆಕೆ. ಮೊಂಡು ಮೂಗಿನ ಈ ನಾಯಿಗೆ ತೇಕಿ ಮೈ ತಂಪು ಮಾಡಿಕೊಳ್ಳುವುದೇ ಕಷ್ಟ. ಬಳ್ಳಾರಿ, ಕಲಬುರಗಿಯ ಏಪ್ರಿಲ್ಲಿನಲ್ಲಿ, 40 ಡಿಗ್ರಿಯಲ್ಲಿ, ಅದನ್ನು ಬಾಲ್ಕನಿಯಲ್ಲಿ ಕೂಡಿಹಾಕಿ ಕೆಲಸಕ್ಕೆ ಹೋಗುವವರಿಗೆ ನಾನು ಕೈಮುಗಿದು ಕೇಳುತ್ತೇನೆ: ದಯವಿಟ್ಟು ಒಳಗೆ, ಫ್ಯಾನಿನ ಕೆಳಗೆ ಬಿಡಿ. ಕೂದಲನ್ನು ಗಿಡ್ಡ ಮಾಡಿಸಿ. ಅಂದ ಹೋಯಿತೆಂದು ನೊಂದುಕೊಳ್ಳುವವರು ನಾವು ಮಾತ್ರ, ನಾಯಿಗೆ ಆ ಚಿಂತೆಯಿಲ್ಲ.

ಹೆಚ್ಚಿನ ಶಿಟ್ಜುಗಳು ಬೀದಿಗೆ ಬೀಳುವುದು ವರ್ಷ ತುಂಬುವ ಆಸುಪಾಸಿನಲ್ಲಿ ಎನ್ನುವುದು ನಾನು ಕಂಡ ಮಟ್ಟಿನ ಮಾತು. ಹತ್ತು ಹನ್ನೆರಡು ತಿಂಗಳಿಗೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುತ್ತದೆ, ಆಗ ಗಂಟು ಕಟ್ಟುವುದು ವಿಪರೀತ. ಅಂಗೈಯಲ್ಲಿ ಆಡಿಸಿದ ಗೊಂಬೆ ಆಗ ನಾರುವ ಹೊರೆಯಾಗುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ. ನಲವತ್ತೈದು ದಿನದ ಮರಿಯನ್ನು ರಟ್ಟಿನ ಡಬ್ಬದಲ್ಲಿಟ್ಟು ಕೊಟ್ಟು ಕೈತೊಳೆದುಕೊಳ್ಳುವವರು ಎಷ್ಟು ಜನ! ನಾಯಿ ಮಾರಾಟದ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ತಳಿ ಸಾಕುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ತಾಯಿನಾಯಿಯನ್ನು ತೋರಿಸಿ ಎಂದು ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ. ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಆ ಕಾಯ್ದೆ ಮೊದಲ ತಪ್ಪಿಗೆ ಬರೆದ ದಂಡ ಹತ್ತರಿಂದ ಐವತ್ತು ರೂಪಾಯಿ. ಇಂಥ ದಂಡ ಯಾರ ಕೈಯನ್ನೂ ತಡೆಯದು, ನಮ್ಮನ್ನು ನಾವೇ ತಡೆದುಕೊಳ್ಳಬೇಕು.

2022ರಲ್ಲಿ ನಾಯಿಯ ಕಥೆಯ ‘777 ಚಾರ್ಲಿ’ ಚಿತ್ರ ನೋಡಿ ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡವರು ನಾವು. ಆ ಕಣ್ಣೀರು ಸುಳ್ಳಲ್ಲ ಎಂದೇ ನಂಬುತ್ತೇನೆ. ಆ ನಂಬಿಕೆಯಿಂದಲೇ ಕೇಳುತ್ತಿದ್ದೇನೆ. ಮರಿ ತರುವ ಮುಂಚೆ ಮನೆಯವರೆಲ್ಲ ಕೂತು ಬಾಚುವವರು ಯಾರು ಎಂದು ತೀರ್ಮಾನಿಸಿ. ಹನ್ನೆರಡು, ಹದಿನೈದು ವರ್ಷದ ಕೆಲಸ ಅದು, ಮನೆಗೆಲಸಕ್ಕೆ ಬರುವ ಅಕ್ಕನ ಮೇಲೆ ಹೊರಿಸುವಂಥದ್ದಲ್ಲ. ಯಾರೂ ಒಪ್ಪದಿದ್ದರೆ ತರಬೇಡಿ. ಈಗಾಗಲೇ ತಂದಿದ್ದರೆ, ಇವತ್ತು ಸಂಜೆ ಟಿವಿ ಹಾಕುವ ಮುಂಚೆ ಅದನ್ನು ಮಡಿಲಿಗೆ ಕರೆದು ಕಿವಿಯ ಹಿಂದೆ ಬೆರಳು ಇಳಿಸಿ. ಚರ್ಮ ಬೆಚ್ಚಗೆ ಸಿಕ್ಕಿತೇ? ಸಿಗದೆ ಬೆರಳು ಗಂಟಿಗೆ ತಗುಲಿದರೆ ನಾಳೆ ಬೆಳಿಗ್ಗೆಯೇ ಗ್ರೂಮರ್‌ಗೆ ಫೋನ್ ಮಾಡಿ.